ನಿಲ್ಲಿಸುವ ಮಾತು

ಆಗಸ್ಟ್ 4, ಸೋಮವಾರ

ಮೈಕ್ರೋ ಟೀಚಿಂಗ್‌ನಲ್ಲಿ ಮತ್ತೆ ಗಂಟಲು ಕಟ್ಟಿತು. ದ್ಯುತಿಸಂಶ್ಲೇಷಣೆ. ನನ್ನದೇ ಸಬ್ಜೆಕ್ಟ್, ಬಿ.ಎಸ್ಸಿ.ಯಲ್ಲಿ ಡಿಸ್ಟಿಂಕ್ಷನ್ ಬಂದದ್ದು. ಬೋರ್ಡಿನ ಮುಂದೆ ನಿಂತರೆ ಒಂದು ಶಬ್ದ ಇಲ್ಲ. ಕೂತಿದ್ದವರು ಮಕ್ಕಳೂ ಅಲ್ಲ, ನನ್ನ ಹಾಗೇ ಬಿ.ಎಡ್. ಮೊದಲ ವರ್ಷದವರು, ಮಕ್ಕಳ ಹಾಗೆ ನಟಿಸುತ್ತಿದ್ದವರು. ಮೇಡಂ ‘ರಿಲ್ಯಾಕ್ಸ್ ತೇಜಸ್ವಿನಿ’ ಅಂದರು. ಆ ಮಾತು ಕೇಳಿ ಯಾರಾದರೂ ರಿಲ್ಯಾಕ್ಸ್ ಆದದ್ದುಂಟಾ.

ಇಪ್ಪತ್ನಾಲ್ಕು ವರ್ಷ. ಮದುವೆಯಾಗಿ ಏಳು ತಿಂಗಳು. ಐದನೇ ಕ್ಲಾಸಿನಿಂದ ಡಿಗ್ರಿವರೆಗೆ ಹಾಸ್ಟೆಲ್. ಹೆದರಿದರೆ ಅಳುವುದಿಲ್ಲ, ಓಡುವುದಿಲ್ಲ. ಮ್ಯೂಟ್ ಆಗುತ್ತೇನೆ.

ಮನೆಗೆ ಬಂದು ಅನ್ನಕ್ಕೆ ಇಟ್ಟು ಫೋನಿನಲ್ಲಿ ಆ ಇಂಗ್ಲಿಷ್ ಕಾದಂಬರಿ ತೆರೆದೆ. ಓದಿದ್ದ ಚಾಪ್ಟರೇ, ಅವನು ಅವಳ ಕಣ್ಣು ಕಟ್ಟುವುದು. ಅನ್ನ ತಳ ಹಿಡಿಯಿತು. ಕೆಳಗಡೆಯಿಂದ ಓನರ್ ಗಂಗರತ್ನಮ್ಮನವರು, ‘ತೇಜು, ಸೀದ ವಾಸ್ನೆ ನಿಮ್ಮನೇದಾ ನಮ್ಮನೇದಾ?’

ನಮ್ಮದೇ.


ಆಗಸ್ಟ್ 10, ಭಾನುವಾರ, ಸಂಜೆ

ಕೈ ಇನ್ನೂ ಬಿಸಿ. ಬರೆದುಬಿಡಬೇಕು.

ಇವರ ವೀಕ್ಲಿ ಆಫ್. ಬಲಸಮುದ್ರದ ಸೋಲಾರ್ ಪ್ಲಾಂಟ್‌ನಲ್ಲಿ ಕಂಟ್ರೋಲ್ ರೂಮ್ ಡ್ಯೂಟಿ. ವಾರವೆಲ್ಲ ಅಲ್ಲೇ ರೂಮ್, ಭಾನುವಾರ ಬೆಳಗ್ಗೆ ಬೈಕ್‌ನಲ್ಲಿ ಮಧುಗಿರಿಗೆ. ಊಟ ಆದ ಮೇಲೆ ಚಾಪೆ ಮೇಲೆ ಮಲಗಿದ್ದರು, ನಾನು ಗೋಡೆಗೆ ಒರಗಿ ಓದುತ್ತಿದ್ದೆ.

‘ಏನು ಓದ್ತಾ ನಗ್ತಿದ್ದೀಯ?’

‘ಸೈಕಾಲಜಿ.’

‘ಅಷ್ಟು ಚೆಂದಾಗೈತಾ ಸೈಕಾಲಜಿ. ನಂಗೂ ವಸಿ ಓದಿ ಹೇಳು.’

ಸುಳ್ಳು ಮುಂದುವರಿಸಬಹುದಿತ್ತು. ಮುಂದುವರಿಸಲಿಲ್ಲ. ಯಾಕೋ ಗೊತ್ತಿಲ್ಲ — ಮಧ್ಯಾಹ್ನದ ಬೆಳಕು, ಗಂಗರತ್ನಮ್ಮನವರು ಮಲಗಿರುವ ನಿಶ್ಶಬ್ದ, ಇವರ ಮುಖದಲ್ಲಿ ಹೆಲ್ಮೆಟ್ ಪಟ್ಟಿ ಬಿಟ್ಟ ಬಿಳಿ ಗೆರೆ. ಓದತೊಡಗಿದೆ. ಇಂಗ್ಲಿಷ್ ಸಾಲು ನೋಡಿಕೊಂಡು ಕನ್ನಡದಲ್ಲಿ.

ಎರಡು ಪ್ಯಾರಾ ಆಗುವಷ್ಟರಲ್ಲಿ ಸಿಕ್ಕಿಹಾಕಿಕೊಂಡೆ. ಕನ್ನಡದಲ್ಲಿ ಪದವೇ ಇಲ್ಲ. ಇರುವುದು ಎರಡೇ ಥರ: ಒಂದು ಬಯಾಲಜಿ ಟೆಕ್ಸ್ಟ್‌ಬುಕ್‌ನದು, ಇನ್ನೊಂದು ಬಸ್‌ಸ್ಟ್ಯಾಂಡ್ ಗೋಡೆಯದು. ಮಧ್ಯದಲ್ಲಿ ಗಂಡ ಹೆಂಡತಿ ಆಡಿಕೊಳ್ಳುವ ಪದಗಳನ್ನು ಎಲ್ಲಿ ಬಚ್ಚಿಟ್ಟಿದ್ದಾರೋ. ನಾನು ‘ಅದು’ ಅಂದೆ. ಮುಂದಿನ ಸಾಲಿನಲ್ಲಿ ‘ಇದು’ ಅಂದೆ.

‘ಯಾವ್ದು ಅದು, ಯಾವ್ದು ಇದು? ಕನ್‌ಫ್ಯೂಸ್ ಆಗ್ತೈತೆ.’

‘ನಿಮಗೆ ಗೊತ್ತು.’

‘ನಂಗೆ ತೆಲುಗಲ್ಲಿ ಗೊತ್ತು. ಹೇಳಿದ್ರೆ ನಮ್ಮಮ್ಮ ಪಾವಗಡದಿಂದ ಪೊರಕೆ ತಗೊಂಡು ಬಸ್ ಹತ್ತುತ್ತಾಳೆ.’

ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ಆಮೇಲೆ ನಗು ನಿಲ್ಲಿಸಿ, ಎದ್ದು ಕೂತು ಕೇಳಿದರು. ‘ಇದರಾಗೆ ನಿಂಗೆ ಯಾವ್ದು ಇಷ್ಟ?’

ಹುಟ್ಟಿದಾಗಿನಿಂದ ಯಾರೂ ಕೇಳದ ಪ್ರಶ್ನೆ. ಸಾರಿಗೆ ಉಪ್ಪು ಸಾಕಾ ಅಂತ ಕೇಳುವಷ್ಟೇ ನೇರವಾಗಿ ಕೇಳಿದರು.  ಫೋನ್ ತಿರುಗಿಸಿ ಆ ಸಾಲಿನ ಮೇಲೆ ಬೆರಳಿಟ್ಟೆ. ತುಟಿ ಅಲ್ಲಾಡಿಸುತ್ತ ಇಂಗ್ಲಿಷ್ ಓದಿದರು. ‘ಕಣ್ಣಿಗೆ ಬಟ್ಟೆ ಕಟ್ಟೋದು?’

ತಲೆಯಾಡಿಸಿದೆ. ಈಗ ಏನಂದುಕೊಳ್ಳುತ್ತಾರೋ, ಎಂಥವಳನ್ನು ಕಟ್ಟಿಕೊಂಡೆ ಅಂತಾರೋ… ಕಿವಿ ಉರಿಯುತ್ತಿತ್ತು.

‘ಆದ್ರೆ ಈವಯ್ಯ ಕೇಳೋದೇ ಇಲ್ವಲ್ಲ ಅವಳನ್ನ. ಕಟ್ಟೇಬುಟ್ಟ. ಅವಳಿಗೆ ಬ್ಯಾಡ ಅನ್ನಿಸಿದ್ರೆ?’

‘ಪುಸ್ತಕದಲ್ಲಿ ಹಾಗೆ ಅನ್ನಿಸಲ್ಲ. ಬರೆದವರು ಬಿಡಲ್ಲ.’

‘ನಿಂಗೆ ಅನ್ನಿಸಿದ್ರೆ?’

ಯೋಚಿಸಿದೆ. ಓದುವಾಗ ನನಗೇನೂ ಭಯವಿಲ್ಲ. ಯಾಕೆಂದರೆ ಫೋನ್ ನನ್ನ ಕೈಯಲ್ಲಿದೆ. ಸಾಕು ಅನ್ನಿಸಿದರೆ ಆಫ್ ಮಾಡುತ್ತೇನೆ. ಆ ಹೆಂಗಸಿಗೆ ಆ ಬಟನ್ ಇಲ್ಲ, ಓದುವ ನನಗಿದೆ. ಇದನ್ನು ಅರ್ಧ ಇಂಗ್ಲಿಷಿನಲ್ಲಿ ತೊದಲುತ್ತ ಹೇಳಿದೆ. ಅವರು ಒಂದೂ ಮಾತು ಮಧ್ಯೆ ಹಾಕದೆ ಕೇಳಿದರು. ‘ಅಂಗಾದ್ರೆ ಮೊದ್ಲು ನಿಂಗೊಂದು ಬಟನ್ ಮಾಡಾಣ.’

‘ಬೇಡ’ ಅನ್ನುವುದೇ ಬಟನ್ ಆಗಬಹುದಿತ್ತು. ಆದರೆ ಆಟದಲ್ಲಿ ಸುಮ್ಮಸುಮ್ಮನೆ ‘ಬೇಡ ಬೇಡ’ ಅನ್ನುವ ಆಸೆಯೂ ನನಗಿತ್ತು — ಅದನ್ನೂ ಹೇಳಿಬಿಟ್ಟೆ. ಹಾಗಾಗಿ ಬೇರೆ ಮಾತು ಬೇಕು. ನಡುವೆ ತಪ್ಪಿ ಕೂಡ ಬಾಯಿಗೆ ಬರಬಾರದು. ‘ಕಡ್ಲೆಕಾಯಿ’ ಅಂದರು. ನಗು ಬರುತ್ತದೆ, ಬೇಡ. ಕೊನೆಗೆ ಅವರೇ ಹೇಳಿದರು: ‘ನನ್ನ ಹೆಸ್ರು. ನೀನದನ್ನ ಹೇಳಿದ್ದೇ ಇಲ್ಲ.’

ನಿಜ. ಬರೆಯಬಲ್ಲೆ: ಓಬಳರಾಜು. ಹೇಳಲಾರೆ. ಪುರವರದ ಲಕ್ಕಜ್ಜಿ ನನ್ನನ್ನು ರಜೆಗಳಲ್ಲಿ ಸಾಕಿದವಳು, ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯಸ್ಸು ಸವೆಯುತ್ತದೆ ಅಂತ ಕಲಿಸಿದವಳು. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಿದ್ದಳು. ನಾನು ಬಿ.ಎಸ್ಸಿ. ಮಾಡಿದ್ದೇನೆ. ನಂಬುವುದಿಲ್ಲ. ನಾಲಿಗೆಗೆ ಮಾತ್ರ ಆ ಸುದ್ದಿ ಮುಟ್ಟಿಲ್ಲ.

ಅದೇ ಸರಿ ಅಂತ ಒಪ್ಪಿದೆವು. ಎಷ್ಟು ಬುದ್ಧಿವಂತರು ನಾವು ಅಂತಲೂ ಅನ್ನಿಸಿತು.


ಆಗಸ್ಟ್ 18, ಸೋಮವಾರ

ಕಾಲೇಜಿಗೆ ಹೋಗಲಿಲ್ಲ. ನಿನ್ನೆಯದನ್ನು ಬರೆಯಬೇಕು, ಇದ್ದದ್ದು ಇದ್ದ ಹಾಗೆ.

ಮಧ್ಯಾಹ್ನ. ನನ್ನ ಹಸಿರು ದುಪಟ್ಟಾ. ಗಂಟು ಹಾಕುವ ಮುಂಚೆ ‘ಬಿಗಿಯಾತಾ?’ ಅಂತ ಕೇಳಿದರು. ಇಲ್ಲ ಅಂದೆ. ಮೊದಲು ಎಲ್ಲ ಚೆನ್ನಾಗಿತ್ತು. ಚೆನ್ನಾಗಿತ್ತು ಅನ್ನುವುದು ಸಣ್ಣ ಮಾತು. ಮೊಣಕೈಯ ಒಳಭಾಗ ಅನ್ನುವ ಜಾಗ ನನಗೆ ಇದೆ ಅಂತಲೇ ಗೊತ್ತಿರಲಿಲ್ಲ.

ಆಮೇಲೆ ಅವರು ಎದ್ದು ಹೋದರು. ಪುಸ್ತಕದಲ್ಲೂ ಹಾಗೇ — ಅವನು ದೂರ ಹೋಗಿ ಕಾಯಿಸುತ್ತಾನೆ. ಆ ಸಾಲಿನ ಮೇಲೂ ನಾನೇ ಬೆರಳಿಟ್ಟು ತೋರಿಸಿದ್ದೆ. ಓದುವಾಗ ಆ ಕಾಯುವಿಕೆ ಸಿಹಿ. ಇಲ್ಲಿ — ಹೆಜ್ಜೆ ಸದ್ದು ನಿಂತಿತು. ಎಲ್ಲಿದ್ದಾರೆ ಗೊತ್ತಾಗಲಿಲ್ಲ. ಬಾಗಿಲ ಕಡೆಯೋ ಕಿಟಕಿ ಕಡೆಯೋ. ಇದ್ದಾರೋ ಇಲ್ಲವೋ. ಇನ್ಯಾರಾದರೂ ಬಂದು ನಿಂತಿದ್ದರೂ ನನಗೆ ತಿಳಿಯುವುದಿಲ್ಲ ಅನ್ನುವ ಹುಚ್ಚು ಯೋಚನೆ ಬಂತು, ಬಂದದ್ದು ಹೋಗಲಿಲ್ಲ. ಬಟನ್ ಒತ್ತಬೇಕು. ಹೆಸರು ಹೇಳಬೇಕು. ಓ… ತುಟಿ ದುಂಡಗಾಯಿತು ಅಷ್ಟೇ.

ಎಲ್ಲ ಬಿಟ್ಟು, ಹೆದರಿದಾಗ ಬಾಯಿ ಹೋಗುವವಳಿಗೆ, ಹೆದರದಿದ್ದಾಗಲೂ ಬಾಯಿಗೆ ಬಾರದ ಪದವನ್ನೇ ಆರಿಸಿಕೊಂಡಿದ್ದೆವು.

ದುಪಟ್ಟಾ ಬಿಚ್ಚಿತು. ಅವರೇ ಬಿಚ್ಚಿದ್ದು. ನಾನು ಏನೂ ಹೇಳಿರಲಿಲ್ಲ, ಅಲ್ಲಾಡಿರಲೂ ಇಲ್ಲ. ‘ತೇಜು’ ಅಂತ ಒಂದೇ ಸಲ ಕರೆದರಂತೆ, ಉತ್ತರ ಬರಲಿಲ್ಲವಂತೆ, ಸಾಕಾಯಿತಂತೆ. ಕಿಟಕಿ ತೆರೆದರು. ಬೆಡ್‌ಶೀಟ್ ಹೊದಿಸಿದರು. ಕೈಗೆ ನೀರಿನ ಲೋಟ ಕೊಟ್ಟು, ಹೋಗಿ ಬಾಗಿಲ ಹತ್ತಿರ ನೆಲದ ಮೇಲೆ ಕೂತರು. ದೂರ. ಒಂದೂ ಪ್ರಶ್ನೆ ಕೇಳಲಿಲ್ಲ. ನಾನು ನೀರು ಕುಡಿದು ಮುಗಿಸಿದ ಮೇಲೆ ಒಂದೇ ಮಾತು.

‘ಹತ್ರ ಬರ್ಲಾ, ಇಲ್ಲೇ ಇರ್ಲಾ?’

ಆ ಕಾದಂಬರಿಯ ಗಂಡಸಿಗೆ ವಿಮಾನ ಇದೆ, ಕುದುರೆ ಇದೆ, ಹೊಟ್ಟೆಯ ಮೇಲೆ ಆರು ಗೆರೆ ಇವೆ. ಇಂಥ ಮಾತು ಒಂದು ಇಲ್ಲ. ಎಷ್ಟು ಚಾಪ್ಟರ್ ಓದಿದ್ದೇನೆ, ಎಲ್ಲೂ ಇಲ್ಲ.

ಕೈ ಚಾಚಿದೆ. ಬಂದರು. ಇವರ ಕೈಯೂ ತಣ್ಣಗಿತ್ತು.


ಆಗಸ್ಟ್ 24, ಭಾನುವಾರ

ಬರಲಿಲ್ಲ. ‘ಶಿಫ್ಟ್ ಚೇಂಜ್’ ಅಂತ ಮೆಸೇಜ್.


ಆಗಸ್ಟ್ 27, ಬುಧವಾರ

ಗಣೇಶನ ಹಬ್ಬಕ್ಕೆ ಬಂದರು. ಕಡುಬು ತಿಂದರು. ಹೊರಟರು.

ಗಂಗರತ್ನಮ್ಮನವರು ಮೆಟ್ಟಿಲ ಕೆಳಗೆ ನಿಂತು, ‘ಏನ್ಲಾ ಓಬಳ್ರಾಜು, ಗಣಪನ್ನ ಬುಡೋಕೆ ಮುಂಚೆ ನೀನೇ ಹೊಂಟ್ಬುಟ್ಟೆ?’ ಅಂದರು. ನಕ್ಕರು ಇವರು. ನನ್ನ ಕಡೆ ನೋಡಿ ನಗಲಿಲ್ಲ.


ಸೆಪ್ಟೆಂಬರ್ 7, ಭಾನುವಾರ

ಬಂದರು. ಸೆಕೆ ಅಂತ ಹಾಲ್‌ನಲ್ಲಿ ಚಾಪೆ ಹಾಕಿಕೊಂಡರು. ಸೆಪ್ಟೆಂಬರ್‌ನಲ್ಲಿ ಎಂಥ ಸೆಕೆ.

ಅಸಹ್ಯ ಆಗಿರಬೇಕು. ಇಂಥವನ್ನೆಲ್ಲ ಓದುವವಳು, ಕೇಳಿ ಮಾಡಿಸಿಕೊಂಡವಳು, ಆಮೇಲೆ ಹೆಣದ ಹಾಗೆ ಬಿದ್ದವಳು. ಕಾದಂಬರಿ ಆ್ಯಪ್ ಡಿಲೀಟ್ ಮಾಡಿದೆ. ಹೀಗೇ ಉಳಿದುಬಿಟ್ಟರೆ? ಮದುವೆಯಾಗಿ ಒಂದು ವರ್ಷವೂ ತುಂಬಿಲ್ಲ, ಒಂದು ಮನೆಯಲ್ಲಿ ಎರಡು ಚಾಪೆ.

ಬಾಯಿಬಿಟ್ಟು ಕೇಳಬೇಕು. ಕೇಳಲಿಲ್ಲ. ಹೊರಡುವಾಗ ಹೆಲ್ಮೆಟ್ ಕೈಗೆ ಕೊಟ್ಟೆ.


ಸೆಪ್ಟೆಂಬರ್ 12, ಶುಕ್ರವಾರ

ಇವತ್ತು ನಾನು ಮಾಡಿದ್ದನ್ನು ನಾನೇ ನಂಬುತ್ತಿಲ್ಲ.

ಕಾಲೇಜು ಬಂಕ್. ಬ್ಯಾಗ್‌ನಲ್ಲಿ ಲೆಸನ್ ಪ್ಲಾನ್, ಕಾಲು ಪಾವಗಡದ ಬಸ್ಸಿನ ಕಡೆ. ಪಾವಗಡದಿಂದ ಶೇರ್ ಆಟೋ. ಊರು ದಾಟಿದ ಮೇಲೆ ಬರೀ ಪ್ಯಾನೆಲ್ಲು. ಎಲ್ಲ ಒಂದೇ ಕಡೆ ಮುಖ ಮಾಡಿ ನಿಂತು, ಪ್ರೇಯರ್ ಲೈನ್‌ನಲ್ಲಿ ನಿಂತ ಮಕ್ಕಳ ಹಾಗೆ. ಗೇಟಿನಲ್ಲಿ ಇಳಿದೆ. ಫೋನ್ ಮಾಡಿದರೆ ತೆಗೆಯಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಮೊಬೈಲ್ ಹೊರಗಿಡಬೇಕು ಅಂತ ಆಮೇಲೆ ನೆನಪಾಯಿತು.

ಸೆಕ್ಯೂರಿಟಿಯವರು ವಯಸ್ಸಾದವರು. ‘ಎವರು ಕಾವಾಲಮ್ಮಾ? ಯಾರು ಬೇಕು?’

‘ನಮ್ಮನೆಯವರು.’

‘ಇಲ್ಲಿ ಇರೋರೆಲ್ಲ ಯಾರೋ ಒಬ್ಬರ ಮನೆಯವರೇ ಕಣಮ್ಮ. ಹೆಸ್ರು ಹೇಳು, ಕರೆಸ್ತೀನಿ.’

‘ಕಂಟ್ರೋಲ್ ರೂಮ್…’

‘ಕಂಟ್ರೋಲ್ ರೂಮಾಗೆ ನಾಕು ಜನ ಅವ್ರೆ. ನಾಕೂ ಜನನ್ನ ಕರೆದು ಸಾಲಾಗಿ ನಿಲ್ಲಿಸ್ಲಾ, ಆರಿಸ್ಕೊಂತೀಯಾ?’

ಹಿಂದೆ ಟೀ ಅಂಗಡಿಯಲ್ಲಿ ಯಾರೋ ನಕ್ಕರು. ಗಂಟಲು ಕಟ್ಟುತ್ತಿರುವುದು ಗೊತ್ತಾಯಿತು, ಬೋರ್ಡಿನ ಮುಂದೆ ಆಗುವ ಹಾಗೇ. ಹಾಗೇ ವಾಪಸ್ ಆಟೋ ಹತ್ತಬಹುದಿತ್ತು. ಹತ್ತಿದರೆ ಮುಂದಿನ ಭಾನುವಾರವೂ ಹಾಲ್‌ನಲ್ಲಿ ಚಾಪೆ. ಕಬ್ಬಿಣದ ಗೇಟ್ ಹಿಡಿದುಕೊಂಡೆ, ಬಿಸಿಲಿಗೆ ಸುಡುತ್ತಿತ್ತು. ಸುಟ್ಟದ್ದಕ್ಕೋ ಏನೋ ಬಾಯಿ ಬಂತು.

‘ಓಬಳರಾಜು.’

ಆಕಾಶ ಬೀಳಲಿಲ್ಲ. ಸೆಕ್ಯೂರಿಟಿಯವರು ವಾಕಿಟಾಕಿಯಲ್ಲಿ ಕರೆದರು.

ಓಡಿಕೊಂಡು ಬಂದರು ಇವರು. ಕೊರಳಲ್ಲಿ ಐಡಿ ಕಾರ್ಡ್ ಹಿಂದಕ್ಕೆ ಹಾರಿ ಬೆನ್ನ ಮೇಲಿತ್ತು. ‘ಯಾರಿಗೇನಾತು? ಅಜ್ಜಿಗಾ?’

‘ಯಾರಿಗೂ ಏನೂ ಆಗಿಲ್ಲ. ನಿಮಗೇನಾಗಿದೆ ಅಂತ ಕೇಳೋಕೆ ಬಂದೆ.’

ಟೀ ಅಂಗಡಿಯ ಹಿಂದೆ ಹೊಂಗೆ ಮರ, ಒಂದು ಕಲ್ಲು. ಕೂತೆವು. ಎರಡು ಟೀ ಬಂತು, ಯಾರೂ ಕುಡಿಯಲಿಲ್ಲ.

‘ಗೇಟಲ್ಲಿ ನನ್ನ ಹೆಸ್ರು ನೀನೇ ಹೇಳಿದ್ದಂತೆ?’

‘ಹೂಂ.’

‘ಅದು ಕೇಳಿ ಓಡಿ ಬಂದೆ. ಎಲ್ಲಾ ನಿಲ್ಲಿಸ್ಬುಡು ಅನ್ನೋಕೆ ಬಂದಿದ್ದೀಯ ಅಂದ್ಕಂಡೆ.’

‘ನಿಲ್ಲಿಸೋಕಲ್ಲ ಬಂದಿದ್ದು. ನನ್ನ ಕಂಡರೆ ಅಸಹ್ಯ ಆಗಿದೆಯಾ?’

ಕತ್ತು ತಿರುಗಿಸಿ ನನ್ನನ್ನೇ ನೋಡಿದರು.  ‘ನಿನ್ನ ಕಂಡ್ರಾ? ತೇಜು, ನಾನು ಕಿಟಕಿ ತಾವ ನಿಂತ್ಕಂಡು ನಗ್ತಾ ಇದ್ದೆ ಕಣೇ. ನೀನು ಕಾಯ್ತಿದ್ದೀಯ, ಆಟ ಚೆಂದಾಗಿ ನಡೀತೈತೆ ಅಂತ. ಆಮ್ಯಾಲೆ ನಿನ್ನ ಕಾಲ್ಬೆರಳು ನೋಡಿದೆ. ಒಳಕ್ಕೆ ಮಡಿಸ್ಕಂಡು ಬೆಳ್ಳಗಾಗಿದ್ವು. ಎಷ್ಟೊತ್ತಿಂದ ಅಂಗಿದ್ವೋ. ನೀನು ಹೆದರ್ಕಂಡು ಬಿದ್ದಿರುವಾಗ ನಾನು ನಗ್ತಿದ್ದೆ. ಅದೇ ಕಣ್ಮುಂದೆ ಬತ್ತೈತೆ. ಮುಟ್ಟಾಕೇ ಭಯ.’

ಅಂದರೆ ಹತ್ತಿರ ಹತ್ತಿರ ನಾಲ್ಕು ವಾರ ಅವರು ಅಲ್ಲಿ ತಮ್ಮನ್ನೇ ಬೈದುಕೊಂಡು, ನಾನು ಇಲ್ಲಿ ನನ್ನನ್ನೇ ಬೈದುಕೊಂಡು. ಒಬ್ಬರಿಗೂ ಇನ್ನೊಬ್ಬರ ಮೇಲೆ ಸಿಟ್ಟಿರಲಿಲ್ಲ.

‘ಕಾಲ್ಬೆರಳು ನೋಡಿದ್ದು ಯಾರು?’ ಅಂದೆ. ‘ಹೇಳದೇ ಇದ್ದರೂ ಬಿಚ್ಚಿದ್ದು ಯಾರು? ಆ ಪುಸ್ತಕದವನು ನೋಡುತ್ತಿರಲಿಲ್ಲ. ಅವನಿಗೆ ಅವಳ ಕಾಲಿಗೆ ಬೆರಳಿದೆ ಅಂತಲೇ ಗೊತ್ತಿಲ್ಲ.’

ಉದ್ದಕ್ಕೆ ಮಾತಾಡಿದೆ. ಇಷ್ಟು ನಾನು ಯಾರ ಮುಂದೆಯೂ ಆಡಿರಲಿಲ್ಲ. ಕಣ್ಣು ಕಟ್ಟುವುದು ನನಗೆ ಈಗಲೂ ಇಷ್ಟ. ಬಿಟ್ಟು ದೂರ ಹೋಗುವುದು ಬೇಡ, ಒಂದು ಕೈ ಮೈ ಮೇಲೆ ಇರಲೇಬೇಕು. ಮತ್ತೆ, ಬಾಯಿಂದ ಒತ್ತುವ ಬಟನ್ ನನಗೆ ಆಗಿಬರುವುದಿಲ್ಲ. ಹಾಸ್ಟೆಲ್‌ನಲ್ಲಿ ಕದ್ದು ಮಿಕ್ಸ್ಚರ್ ತಿನ್ನುವಾಗ ಬಾಗಿಲಲ್ಲಿ ಕಾಯುವವಳು ವಾರ್ಡನ್ ಬಂದರೆ ಕೂಗುತ್ತಿರಲಿಲ್ಲ, ಸ್ಪೂನ್ ಬೀಳಿಸುತ್ತಿದ್ದಳು. ಹಾಗೇ ಕೈಯಲ್ಲೊಂದು ಸ್ಟೀಲ್ ಲೋಟ ಹಿಡಿದಿರುತ್ತೇನೆ. ಬಿಟ್ಟರೆ ಮುಗಿಯಿತು.

ಕೇಳಿದರು. ಯೋಚಿಸಿದರು. ‘ನೆಲಕ್ಕೆ ಚಾಪೆ ಹಾಕಬಾರ್ದು ಅಂಗಾದ್ರೆ. ಸದ್ದು ಬರಲ್ಲ.’

ಇಂಥ ಮನುಷ್ಯ.

ಆಮೇಲೆ ಸ್ವಲ್ಪ ನಾಚಿಕೊಂಡು, ‘ನಾನೂ ಮಧ್ಯೆ ಮಧ್ಯೆ ಕೇಳ್ತೀನಿ. ಆಟ ಕೆಡುತ್ತೆ ಅಂತ ಅನ್ಬೇಡ.’

ಟೀ ಆರಿಹೋಗಿತ್ತು. ಬಸ್ ಬರುವವರೆಗೆ ನಿಂತಿದ್ದರು. ಸೆಕ್ಯೂರಿಟಿಯವರು ದೂರದಿಂದಲೇ, ‘ಏಮಯ್ಯಾ, ಸಿಕ್ಕಿದ್ರಾ ನಿಮ್ಮನೆಯವರು?’


ಸೆಪ್ಟೆಂಬರ್ 28, ಭಾನುವಾರ, ಸಂಜೆ ಐದು

ದಸರಾ ರಜೆ. ಇವರು ಕೆಳಗೆ ಗಂಗರತ್ನಮ್ಮನವರ ನಲ್ಲಿ ರಿಪೇರಿ ಮಾಡುತ್ತಿದ್ದಾರೆ. ಅದಕ್ಕೆ ಕಾರಣವಿದೆ.

ಮಧ್ಯಾಹ್ನ. ಹಸಿರು ದುಪಟ್ಟಾ. ಬಲಗೈಯಲ್ಲಿ ಲೋಟ. ಹಾಸಿಗೆ ಪಕ್ಕದ ಚಾಪೆ ಸುತ್ತಿ ಮೂಲೆಗೆ. ಮೊದಲಿಗೆ ನಗು, ಬರೀ ನಗು. ಲೋಟ ಹಿಡಿದು ಮಲಗಿದವಳನ್ನು ಯಾವ ಕಾದಂಬರಿಯೂ ಬರೆದಿಲ್ಲ. ಆಮೇಲೆ ನಗು ತಾನೇ ತೆಳುವಾಯಿತು.

ಒಂದು ಕೈ ಸದಾ ಮೈ ಮೇಲೆ. ಎಲ್ಲಿದ್ದಾರೆ ಅಂತ ಹುಡುಕಬೇಕಾಗಿಯೇ ಇರಲಿಲ್ಲ. ಮತ್ತು ಪ್ರಶ್ನೆಗಳು, ಕಿವಿಯ ಹತ್ತಿರ.

ಇಲ್ಲಿ?

ಹೂಂ.

ಇಂಗೆ?

ಇನ್ನೂ ಮೆಲ್ಲಗೆ.

ಇನ್ನೂ ಬೇಕಾ?

ಕೇಳಿದರೆ ಆಟ ಕೆಡುತ್ತದೆ ಅಂದುಕೊಂಡಿದ್ದೆ ನಾನೂ. ಓದಿ ಓದಿ ಹಾಗೆ ತಿಳಿದಿದ್ದೆ — ಕೇಳದೆ ಮಾಡುವವನೇ ಗಂಡಸು ಅಂತ. ಕತ್ತಲಲ್ಲಿ ಒಬ್ಬರು ಮೆಲ್ಲಗೆ ಕೇಳಿ, ನನ್ನ ‘ಹೂಂ’ಗಾಗಿ ಕಾಯುತ್ತ, ಅದು ಬರುವವರೆಗೆ ಬೆರಳನ್ನು ಇದ್ದಲ್ಲೇ ನಿಲ್ಲಿಸುವುದು… ಆ ಕಾಯುವಿಕೆಯೇ ನಾನು ಪುಸ್ತಕದಲ್ಲಿ ಹುಡುಕುತ್ತಿದ್ದದ್ದು. ಅವರು ಇಷ್ಟು ಹತ್ತಿರವಿದ್ದುಕೊಂಡೇ ಕಾಯಬಹುದು ಅಂತ ಗೊತ್ತಿರಲಿಲ್ಲ. ನನ್ನ ಬಾಯಿ ಇತ್ತು. ಪೂರ್ತಿ ಹೊತ್ತು ಇತ್ತು. ಯಾವತ್ತೂ ಕೇಳದಿದ್ದದ್ದನ್ನೂ ಕೇಳಿಬಿಟ್ಟೆ, ಪದಗಳಿಲ್ಲದೆ ‘ಅದು’ ‘ಇದು’ಗಳಲ್ಲೇ, ಈ ಸಲ ಅವರಿಗೆ ಕನ್‌ಫ್ಯೂಸ್ ಆಗಲಿಲ್ಲ.

ಕೊನೆಗೆ ಲೋಟ ಬಿತ್ತು. ಠಣ್ ಅಂತ, ಉರುಳಿ ಗೋಡೆಗೆ ಹೊಡೆದು, ಮತ್ತೆ ಉರುಳಿ. ಆ ಕ್ಷಣವೇ ಎರಡೂ ಕೈ ಹಿಂದಕ್ಕೆ, ದುಪಟ್ಟಾ ಮೇಲಕ್ಕೆ, ಎದುರಿಗೆ ಇವರ ಗಾಬರಿ ಮುಖ. ‘ಏನಾತು? ತೇಜು?’

‘ಏನೂ ಇಲ್ಲ. ಕೈ… ಸಡಿಲ ಆಯ್ತು.’

‘ಭಯ?’

‘ಭಯ ಅಲ್ಲ ರೀ.’

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಕಿವಿಯವರೆಗೆ ಕೆಂಪಾದರು. ಅಷ್ಟರಲ್ಲಿ ಕೆಳಗಿನಿಂದ, ‘ಏನಮ್ಮ ಬಿದ್ದಿದ್ದು? ಏನು ಒಡೆದು ಹಾಕಿದ್ರಿ?’

‘ಲೋಟ ಗಂಗರತ್ನಮ್ಮಾ. ನೀರು ಕುಡೀತಿದ್ದೆ’ ಅಂದರು ಇವರು.

‘ಕುಡ್ಯೋಕೂ ಬರಲ್ವೇನ್ಲಾ? ಎದ್ದಿದ್ರೆ ಕೆಳಗೆ ಬಾ, ನಮ್ಮನೆ ನಲ್ಲಿ ಸೋರ್ತೈತೆ.’

ಷರ್ಟ್ ತಿರುಗುಮುರುಗು ಹಾಕಿಕೊಂಡು ಇಳಿದರು. ಕಿಟಕಿಯಿಂದ ನೋಡುತ್ತಿದ್ದೇನೆ. ಹೊಲಿಗೆ ಹೊರಗೆ ಕಾಣಿಸುತ್ತಿದೆ. ಎಷ್ಟು ಚೆಂದ ಕಾಣುತ್ತಾರೆ.


ಅಕ್ಟೋಬರ್ 8, ಬುಧವಾರ

ಮೈಕ್ರೋ ಟೀಚಿಂಗ್. ಪ್ರಶ್ನಿಸುವ ಕೌಶಲ. ಗಂಟಲು ಅರ್ಧ ಕಟ್ಟಿತು, ಅರ್ಧ ಬಿಟ್ಟಿತು. ಫೇಲ್ ಅಂತೂ ಅಲ್ಲ. ‘ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುತ್ತೀರಿ, ಗುಡ್, ಬೇರೆಯವರು ಕಾಯುವುದಿಲ್ಲ’ ಅಂದರು ಮೇಡಂ. ಎಲ್ಲಿ ಕಲಿತೆ ಅಂತ ಕೇಳಲಿಲ್ಲ, ಪುಣ್ಯ.


ಅಕ್ಟೋಬರ್ 19, ಭಾನುವಾರ

ನೀರು ತುಂಬುವ ಹಬ್ಬ. ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು ತುಂಬಿದೆವು. ಹಂಡೆ ಕೆಳಗಿನ ಮನೆಯದು, ಗಂಗರತ್ನಮ್ಮನವರು ಮಗಳ ಮನೆಗೆ ಸಿರಾಕ್ಕೆ ಹೋಗುವಾಗ ‘ನೀವೇ ಹೂಡ್ಕೊಳಿ ಒಲೆ’ ಅಂತ ಬೀಗದ ಕೈ ಕೊಟ್ಟುಹೋಗಿದ್ದಾರೆ.

ಕೆಮ್ಮಣ್ಣಿನ ಕೈ ತೊಳೆಯುತ್ತ ಇವರು, ‘ನಂದೂ ಒಂದೈತೆ. ಹೇಳ್ಲಾ?’

ಏನು ಅಂದೆ.

‘ನಗಬಾರ್ದು.’

ಇಷ್ಟು ದಿನ ಅವರಿಗೂ ಒಂದಿರಬಹುದು ಅಂತ ಹೊಳೆದೇ ಇರಲಿಲ್ಲ ನನಗೆ. ಎಂಥ ಸ್ವಾರ್ಥಿ.

‘ದಿನಾ ಹನ್ನೆರಡು ಸ್ಕ್ರೀನ್ ನೋಡ್ತೀನಿ. ಎಲ್ಲಿ ಏನು ಟ್ರಿಪ್ ಆತು ಅಂತ. ಮನೆಗೆ ಬಂದ್ರೆ ನಿನ್ನ ನೋಡ್ತೀನಿ, ಸರಿಯಿದ್ದೀಯಾ ಅಂತ. ಒಂದಿನ ನಾನು ಏನೂ ನೋಡ್ಬಾರ್ದು. ನೀನು ಎಣ್ಣೆ ಹಚ್ಚಿ ನೀರು ಹುಯ್ಯಿ. ಸೀಗೇಕಾಯಿ ಅಂತ ಕಣ್ಣು ಮುಚ್ಕಂಡು ಸುಮ್ನೆ ಕೂತಿರ್ತೀನಿ. ಏನು ಮಾಡ್ತೀಯೋ ನಿಂಗೆ ಬಿಟ್ಟಿದ್ದು.’

ನಗಲಿಲ್ಲ. ನಗು ಬರುವ ವಿಷಯವೇ ಅಲ್ಲ ಅದು. ಇಷ್ಟು ದೊಡ್ಡ ಆಳು, ಗೋಡೆ ಕಡೆ ನೋಡಿಕೊಂಡು ಹೇಳಿದರು.


ಅಕ್ಟೋಬರ್ 20, ಸೋಮವಾರ, ಬೆಳಗ್ಗೆ

ನೀರು ಕಾದಿದೆ. ಹೊಗೆ ಮೇಲಿನವರೆಗೆ ಬರುತ್ತಿದೆ. ಎಣ್ಣೆ ಬೆಚ್ಚಗೆ ಮಾಡಿ ಬಟ್ಟಲಲ್ಲಿಟ್ಟಿದ್ದೇನೆ. ಅವರು ಆಗಲೇ ಬಚ್ಚಲಮನೆಯಲ್ಲಿ ಮಣೆ ಮೇಲೆ ಕೂತು ಕಣ್ಣು ಮುಚ್ಚಿದ್ದಾರಂತೆ, ಕೆಳಗಿನಿಂದ ಕೂಗಿ ಹೇಳಿದರು, ಇನ್ನೂ ಯಾರೂ ಎಣ್ಣೆಯನ್ನೇ ಹಚ್ಚಿಲ್ಲ.

ಬಟ್ಟಲು ಎತ್ತಿಕೊಂಡವಳು ಮತ್ತೆ ಕೆಳಗಿಟ್ಟೆ. ಹೆದರಿಕೆಯಿಂದಲ್ಲ, ಅಥವಾ ಬೇರೆ ಥರದ ಹೆದರಿಕೆ. ಒಬ್ಬರು ತಮ್ಮನ್ನು ಪೂರ್ತಿ ಕೈಗೆ ಕೊಟ್ಟು ಕೂತರೆ ಇಷ್ಟು ಭಾರ ಇರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಆ ಭಾನುವಾರಗಳಲ್ಲಿ ಇದನ್ನೇ ಹೊತ್ತಿದ್ದರಾ ಇವರು, ಒಂದು ಮಾತೂ ಆಡದೆ.

ಎಲ್ಲಿಂದ ಶುರು ಮಾಡಲಿ. ನೆತ್ತಿ. ಅಲ್ಲ, ಹೆಗಲು, ಪೂರಾ ವಾರ ಅಲ್ಲೇ ನೋವು ಅಂತಾರೆ. ನಾನೇ ತೀರ್ಮಾನ ಮಾಡುವುದು ಬೇಡ, ಬಾಗಿಲಲ್ಲಿ ನಿಂತು ಮೊದಲು ಕೇಳಬೇಕು, ಹತ್ತಿರ ಬರಲಾ ಅಂತ, ಕೇಳಿ ಆಮೇಲೆ

ಕರೆಯುತ್ತಿದ್ದಾರೆ. ಎಣ್ಣೆ ಆರುತ್ತಿದೆ, ಹೋಗುತ್ತೇನೆ.